ಕ್ಯಾಕ್ಟಸ್‌ಗೆ ಹುಳ ಬಿತ್ತು ಅಂತ ರೂಮಿಗೆ ವಿಷ ತರಬೇಡಿ

ಭಾಗ 1

ಸಕ್ಯುಲೆಂಟ್ ಫೋಟೊ ಹಾಕಿದಾಗೆಲ್ಲ ಡಿಎಂನಲ್ಲಿ ಬರೋದು ಒಂದೇ ಪ್ರಶ್ನೆ. "ಎಲೆ ಸಂದಿಯಲ್ಲಿ ಬಿಳಿ ಹತ್ತಿ ಥರ ಏನೋ ಕೂತಿದೆ, ಯಾವ ಔಷಧಿ ಹೊಡೀಲಿ?"

ಮೊದಲು ಆ ಪದದ ಬಗ್ಗೆ ನನ್ನ ತಕರಾರು. ನಮ್ಮ ಕಡೆ ಹೊಲಕ್ಕೆ ಹೊಡೆಯೋದನ್ನೂ ಔಷಧಿ ಅಂತೀವಿ, ಜ್ವರಕ್ಕೆ ನುಂಗೋದನ್ನೂ ಔಷಧಿ ಅಂತೀವಿ. ಅದಕ್ಕೇ ಅದರ ಭಯ ಹೋಗಿದೆ. ಬಾಗಲೂರು ಸುತ್ತ ಲೇಔಟ್ ಎಷ್ಟೇ ಎದ್ದಿದ್ರೂ ದ್ರಾಕ್ಷಿ, ತರಕಾರಿ ತೋಟ ಇನ್ನೂ ಇವೆ. ಹಾಗಾಗಿ ಮನೇಲಿ ಮಾವನೋ ದೊಡ್ಡಪ್ಪನೋ "ತಗೋ, ಒಂಚೂರು ಸಾಕು" ಅಂತ ಕೂಲ್‌ಡ್ರಿಂಕ್ಸ್ ಬಾಟಲಿಗೆ ಸುರಿದು ಕೊಡ್ತಾರೆ. ಅದು ಪಿಜಿ ರೂಮಿನ ಕಿಟಕಿ ಕಟ್ಟೆ ಮೇಲೆ, ನೀರಿನ ಬಾಟಲಿ ಪಕ್ಕದಲ್ಲೇ ಕೂರುತ್ತೆ. ಲೇಬಲ್ ಇಲ್ಲ, ಏನೂ ಇಲ್ಲ.

2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಸಿಕ್ಕಿದ್ದು ಮೋನೋಕ್ರೋಟೊಫಾಸ್, ಬೆಳೆಗೆ ಹೊಡೆಯೋ ಕೀಟನಾಶಕ. ಡಬ್ಬ, ಬಾಟಲಿ ಅದಲುಬದಲು ಆಗೋದನ್ನ ನಾನು ಯಾಕೆ ಇಷ್ಟು ದೊಡ್ಡದು ಮಾಡ್ತೀನಿ ಅಂತ ಕೇಳೋರಿಗೆ ಇದೇ ಉತ್ತರ. ಡೈಮಿಥೋಯೇಟ್, ಮೋನೋಕ್ರೋಟೊಫಾಸ್ ಎಲ್ಲ ಒಂದೇ ಕುಟುಂಬ. ನಮ್ಮ ನರಮಂಡಲಕ್ಕೂ ಕೈ ಹಾಕ್ತವೆ. ಬಯಲಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೊಡೆಯೋದನ್ನ ನೀವು ಮಲಗೋ ರೂಮಲ್ಲಿ, ನೂರೈವತ್ತು ರೂಪಾಯಿ ಗಿಡಕ್ಕೆ ಹೊಡೀತೀರಾ? ನಾನು ಬಿಕಾಂ, ಲೆಕ್ಕ ಬರುತ್ತೆ. ಈ ಲೆಕ್ಕ ಯಾವ ಕಡೆಯಿಂದಲೂ ತಾಳೆ ಆಗಲ್ಲ ಕಣ್ರೋ.

ಭಾಗ 2

ಈಗ ಆ ಬಿಳಿ ವಸ್ತು. ಅದು ನಿಜವಾಗ್ಲೂ ಹುಳಾನೇ ಅಂತ ಮೊದಲು ಖಾತ್ರಿ ಮಾಡ್ಕೊಳ್ಳಿ. ನಮ್ಮ ಬೋರ್‌ವೆಲ್ ನೀರು ಎಲೆ ಮೇಲೆ ಒಣಗಿದ್ರೆ ಬಿಳಿ ಕಲೆ ಉಳಿಯುತ್ತೆ, ಅದು ಸುಣ್ಣ. ಎಕೆವೇರಿಯಾ ಎಲೆ ಮೇಲೆ ವಿಭೂತಿ ಬಳಿದ ಹಾಗೆ ಸಮನಾಗಿ ಒಂದು ಪುಡಿ ಇರುತ್ತೆ, ಅದು ಗಿಡದ್ದೇ ರಕ್ಷಣೆ, ಉಜ್ಜಿದ್ರೆ ಆ ಎಲೆಗೆ ಮತ್ತೆ ಬರಲ್ಲ. ಎಲೆ ಕಾಂಡಕ್ಕೆ ಸೇರೋ ಸಂದಿಯಲ್ಲಿ ಹತ್ತಿ ಉಂಡೆ ಥರ ಇದ್ದು, ಮುಟ್ಟಿದ್ರೆ ಅಂಟಂಟಾಗಿದ್ರೆ ಮಾತ್ರ ಹಿಟ್ಟು ತಿಗಣೆ. ದ್ರಾಕ್ಷಿ ಬೆಳೆಯೋರನ್ನ ಕೇಳಿ, ಈ ಹೆಸರು ಕೇಳಿದ ತಕ್ಷಣ ಮುಖ ಸಿಂಡರಿಸ್ತಾರೆ.

ಅದು ಗಿಡದ ರಸ ಹೀರಿ ಸಿಹಿ ಅಂಟು ಬಿಡುತ್ತೆ. ಆ ಸಿಹಿಗೆ ಇರುವೆ ಬರುತ್ತೆ. ಇರುವೆ ಬರೀ ತಿಂದು ಹೋಗಲ್ಲ, ದನ ಕಾಯೋ ಹಾಗೆ ತಿಗಣೆಯನ್ನ ಕಾಯುತ್ತೆ, ತಿನ್ನೋಕೆ ಬಂದ ಬೇರೆ ಹುಳಗಳನ್ನ ಓಡಿಸುತ್ತೆ. ಅದಕ್ಕೇ ಮೊದಲ ಕೆಲಸ ಇರುವೆ ದಾರಿ ಕಟ್ ಮಾಡೋದು. ಅಜ್ಜಿ ಸಕ್ಕರೆ ಡಬ್ಬನ ನೀರಿನ ತಟ್ಟೇಲಿ ಇಡ್ತಿದ್ರಲ್ಲ, ಅದೇ ಐಡಿಯಾ. ತಟ್ಟೇಲಿ ನೀರು, ನೀರಲ್ಲಿ ಒಂದು ಕಲ್ಲು, ಕಲ್ಲಿನ ಮೇಲೆ ಪಾಟ್. ಪಾಟಿನ ತಳ ನೀರಿಗೆ ತಾಗಬಾರದು, ಬೇರು ಕೊಳೆಯುತ್ತೆ. ನೀರನ್ನ ಎರಡು ದಿನಕ್ಕೊಮ್ಮೆ ಚೆಲ್ಲಿ ಬದಲಾಯಿಸಿ, ಸೊಳ್ಳೆ ಸಾಕೋದು ಬೇಡ.

ಭಾಗ 3

ತಿಗಣೆ ಮೈಮೇಲೆ ಮೇಣ ಇರುತ್ತೆ, ಬರೀ ನೀರು ಜಾರಿ ಹೋಗುತ್ತೆ. ಸ್ಪಿರಿಟ್ ಆ ಮೇಣ ದಾಟುತ್ತೆ. ಮೆಡಿಕಲ್ ಶಾಪ್‌ನಲ್ಲಿ ಸರ್ಜಿಕಲ್ ಸ್ಪಿರಿಟ್ ಒಂದು ಚಿಕ್ಕ ಬಾಟಲಿ, ಮನೇಲಿರೋ ಇಯರ್‌ಬಡ್, ಅಷ್ಟೇ ಸಾಮಾನು. ಅದ್ದಿ, ಒಂದೊಂದೇ ಉಂಡೆಗೆ ಮುಟ್ಟಿಸಿ, ಎತ್ತಿ ತೆಗೀರಿ. ಮೊದಲು ಒಂದು ಎಲೆಗೆ ಹಚ್ಚಿ ಒಂದು ದಿನ ನೋಡಿ. ಸಂಜೆ ಮೇಲೆ ಮಾಡಿ, ಬಿಸಿಲಿಗೆ ಇಡಬೇಡಿ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತೆ, ಊದುಬತ್ತಿ, ಒಲೆ ಹತ್ತಿರ ಬೇಡವೇ ಬೇಡ.

ಎಲ್ಲರೂ ಸೋಲೋದು ಇದಾದ ಮೇಲೆ. ಒಂದು ಸಲ ಒರೆಸಿ, "ಕ್ಲೀನ್ ಆಯ್ತು" ಅಂತ ಸ್ಟೋರಿ ಹಾಕಿ ಮರೆತುಬಿಡ್ತಾರೆ. ಆ ಹತ್ತಿ ಉಂಡೆಯೊಳಗೆ ನೂರಾರು ಮೊಟ್ಟೆ ಇರುತ್ತೆ, ಮರಿಗಳು ಕಣ್ಣಿಗೇ ಕಾಣದಷ್ಟು ಸಣ್ಣವು. ವಾರಕ್ಕೊಮ್ಮೆ, ಕನಿಷ್ಠ ನಾಲ್ಕು ವಾರ ಮಾಡಬೇಕು. ಬೋರಿಂಗ್, ಗೊತ್ತು. ರೀಲ್ಸ್‌ನಲ್ಲಿ ಬರೋ "ಒಂದೇ ಸ್ಪ್ರೇಗೆ ಮಾಯ" ನಂಬೋಕೆ ಅದೇ ಕಾರಣ.

ಬೇವಿನೆಣ್ಣೆ ಬಗ್ಗೆ ಕೇಳ್ತೀರಿ. ಅಲೋವೆರಾ, ಜೇಡ್ ಥರದ್ದಕ್ಕೆ ತೆಳ್ಳಗೆ, ಸೋಪಿನ ನೀರಲ್ಲಿ ಕಲಸಿ ಸಂಜೆ ಹಾಕಬಹುದು. ಪುಡಿ ಇರೋ ಎಕೆವೇರಿಯಾಗೆ ನಾನಂತೂ ಹಾಕಲ್ಲ, ಎಣ್ಣೆ ಆ ಪುಡಿಯನ್ನೇ ಹಾಳು ಮಾಡುತ್ತೆ.

ಭಾಗ 4

ಈ ಜಾತಿ ಹುಳಗಳ ಕಥೆ ನಿಮ್ಮ ಪಾಟ್‌ಗಿಂತ ದೊಡ್ಡದು. ಹಿಟ್ಟು ತಿಗಣೆಯ ನೆಂಟ ಒಂದಿದೆ, ಕಾಚಿನೀಲ್ ಅಂತ, ಹಿಸುಕಿದ್ರೆ ಕೆಂಪು ಬಣ್ಣ ಬರುತ್ತೆ. ಬಣ್ಣದ ವ್ಯಾಪಾರಕ್ಕೆ ಅಂತ 1795ರಲ್ಲಿ ಅದನ್ನ ಬ್ರೆಜಿಲ್‌ನಿಂದ ಭಾರತಕ್ಕೆ ತಂದ್ರು. ಬಂದದ್ದು ಬೇರೆ ಜಾತಿ, ಬಣ್ಣ ಕೈಕೊಡ್ತು, ಹುಳ ಮಾತ್ರ ಒಂದು ಥರದ ಪಾಪಾಸುಕಳ್ಳಿಯನ್ನ ತಿಂದು ಮುಗಿಸ್ತು. ಇನ್ನೊಂದು ಥರದ ಕಳ್ಳಿಯ ಕಾಟ ತಡೆಯೋಕೆ 1926ರಲ್ಲಿ ಶ್ರೀಲಂಕಾದಿಂದ ಬೇರೆ ಕಾಚಿನೀಲನ್ನ ಬೇಕಂತಲೇ ತರಿಸಿದ್ರು. ಅಂದ್ರೆ ನೀವು ದುಡ್ಡು ಕೊಟ್ಟು ತರೋ ಕ್ಯಾಕ್ಟಸ್‌ನ ದಾಯಾದಿಯನ್ನ ಕೊಲ್ಲೋಕೆ ಒಂದು ಕಾಲದಲ್ಲಿ ಹುಳವನ್ನ ಹಡಗಲ್ಲಿ ಕರೆಸಿದ್ರು!

ಇನ್ನೊಂದು ನಮ್ಮ ಹೆಬ್ಬಾಳದ್ದು. 2008ರಲ್ಲಿ ಕೊಯಮತ್ತೂರಲ್ಲಿ ಪರಂಗಿ ಹಿಟ್ಟು ತಿಗಣೆ ಕಾಣಿಸ್ಕೊಂಡು ಪರಂಗಿ, ಹಿಪ್ಪುನೇರಳೆ ಎಲ್ಲಕ್ಕೂ ಹಬ್ಬಿತು. ಹಿಪ್ಪುನೇರಳೆಗೆ ವಿಷ ಹೊಡೆದ್ರೆ ಅದೇ ಸೊಪ್ಪು ತಿನ್ನೋ ರೇಷ್ಮೆ ಹುಳ ಸಾಯುತ್ತೆ. ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟ್ ಬಸ್ಸಲ್ಲಿ ನಾವು ದಾಟಿ ಹೋಗೋ ಕೃಷಿ ಕೀಟ ಸಂಪನ್ಮೂಲ ಬ್ಯೂರೊ (ಆಗ ಅದರ ಹೆಸರು ಬೇರೆ) 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಪುಟ್ಟ ಕಣಜಗಳನ್ನ ತರಿಸಿ ಬಿಡ್ತು. ಅವು ತಿಗಣೆ ಮೈಯೊಳಗೇ ಮೊಟ್ಟೆ ಇಡ್ತವೆ. ಸ್ಪ್ರೇ ಸೋತ ಕಡೆ ಆ ಕಣಜ ಗೆದ್ದಿತು.

ದ್ರಾಕ್ಷಿ ತೋಟಕ್ಕೆ ಬಿಡೋ ಆಸ್ಟ್ರೇಲಿಯಾದ ಗುಲಗಂಜಿ ಹುಳ 1898ರಲ್ಲೇ ಇಲ್ಲಿಗೆ ಬಂದಿದೆ. ಸಿಹಿಕುಂಬಳಕಾಯಿ ಮೇಲೆ ತಿಗಣೆ ಬೆಳೆಸಿ, ಆ ತಿಗಣೆ ತಿನ್ನಿಸಿ ಇದನ್ನ ಸಾಕ್ತಾರೆ. ಚುಕ್ಕೆ ಇಲ್ಲ, ಕಪ್ಪು ಮೈ, ಕಿತ್ತಳೆ ತಲೆ. ಇದರ ಮರಿ ಥೇಟ್ ಹಿಟ್ಟು ತಿಗಣೆ ಥರಾನೇ ಬಿಳಿ! ವ್ಯತ್ಯಾಸ ಅಂದ್ರೆ ತಿಗಣೆಗಿಂತ ದೊಡ್ಡದು, ಉದ್ದುದ್ದ ಎಳೆ, ಚುರುಕಾಗಿ ಓಡಾಡುತ್ತೆ. ಮಹಡಿ ಮೇಲಿನ ಪಾಟಲ್ಲಿ ಅಂಥದ್ದು ಕಂಡ್ರೆ ಕೈ ಕಟ್ಟಿ ಕೂತ್ಕೊಳ್ಳಿ. ಸ್ಪ್ರೇ ಮೇಲೆ ನನ್ನ ಸಿಟ್ಟಿಗೆ ಇದೂ ಒಂದು ಕಾರಣ, ಅದು ಮೊದಲು ಕೊಲ್ಲೋದು ಈ ಪುಕ್ಕಟೆ ಕೆಲಸಗಾರನನ್ನ.

ಭಾಗ 5

ಎಲ್ಲ ಮಾಡಿಯೂ ಗಿಡ ಸೊರಗ್ತಿದ್ರೆ ಪಾಟಿಂದ ಕಿತ್ತು ಬೇರು ನೋಡಿ. ಪಾಟಿನ ಒಳಗೋಡೆಗೆ, ಬೇರಿಗೆ ಬಿಳಿ ಹಿಟ್ಟು ಮೆತ್ತಿದ್ರೆ ಅದು ಮಣ್ಣೊಳಗಿನ ತಿಗಣೆ. ಮಣ್ಣು ಪೂರ್ತಿ ಉದುರಿಸಿ, ಬೇರು ತೊಳೆದು, ಕೆಲವು ದಿನ ನೆರಳಲ್ಲಿ ಒಣಗಿಸಿ, ಹೊಸ ಮಣ್ಣಿಗೆ ಹಾಕಿ. ಬೇರು ಹಾಳಾಗಿದ್ರೆ ದುಡ್ಡು ಹೋಯ್ತು ಅಂತ ಅಳಬೇಡಿ, ಕಾಸ್ಟಿಂಗ್ ಕ್ಲಾಸಲ್ಲಿ ಹೇಳಿದ ಸಂಕ್ ಕಾಸ್ಟ್ ಇದೇನೇ. ಹುಳ ಇಲ್ಲದ ನಾಲ್ಕು ಎಲೆ ಮುರಿದು ಒಣ ಮಣ್ಣಿನ ಮೇಲೆ ಇಡಿ, ಎಕೆವೇರಿಯಾ ಆದ್ರೆ ಅದರಿಂದಲೇ ಮರಿ ಬರುತ್ತೆ. ಹೊಸದಾಗಿ ನರ್ಸರಿಯಿಂದ ತಂದಿದ್ದನ್ನ ಮೂರು ವಾರ ಬೇರೆ ಕಡೆ ಇಡಿ.

ಕಿತ್ತ ಹಳೇ ಮಣ್ಣನ್ನ ಕವರಲ್ಲಿ ಕಟ್ಟಿ ಬಿಸಾಕಿ, ಪಕ್ಕದ ಮನೆ ಆಂಟಿಯ ದಾಸವಾಳದ ಬುಡಕ್ಕೆ ಸುರೀಬೇಡಿ. ದಾಸವಾಳ ಅಂದ್ರೆ ಹಿಟ್ಟು ತಿಗಣೆಗೆ ಹೋಳಿಗೆ ಊಟ.