ಮುಖದ ಇಸುಬು, ಬಯಲಿನ ಗಿಡ

ರೋಗಗಳಲ್ಲಿ ಬಟ್ಟೆಯ ಮರೆಯಲ್ಲಿ ಅಡಗಿಕೊಳ್ಳುವವು ಕೆಲವಾದರೆ, ಮುಖದ ಮೇಲೆಯೇ ಬಂದು ನಿಲ್ಲುವವು ಕೆಲವು. ಮೊದಲಿನವನ್ನು ರೋಗಿಯೊಬ್ಬನೇ ಅನುಭವಿಸುತ್ತಾನೆ. ಎರಡನೆಯವನ್ನು ಊರೆಲ್ಲ ಓದುತ್ತದೆ. ಓದಿದವರೆಲ್ಲ ಸರಿಯಾಗಿ ಓದುತ್ತಾರೆಂಬ ಭರವಸೆಯಿಲ್ಲ. ಓದುವುದನ್ನೇ ವೃತ್ತಿಯಾಗಿ ಮಾಡಿಕೊಂಡ ನಾನೂ ಒಮ್ಮೆ ತಪ್ಪಾಗಿ ಓದಿದೆ. ಈ ಬರೆಹಕ್ಕೆ ಆ ತಪ್ಪೇ ಕಾರಣ.

ನಮ್ಮ ಕಾಲೇಜಿನ ತೋಟದ ಕೆಲಸದವನ ಮುಖ ಕೆಲವು ವರ್ಷಗಳ ಹಿಂದೆ ಕೆಡತೊಡಗಿತು. ಕಣ್ಣಿನ ರೆಪ್ಪೆಗಳು ಊದಿದುವು. ಕಿವಿಯ ಹಿಂಬದಿ, ಗಲ್ಲದ ಕೆಳಗು, ಕೊರಳಿನ ಮಡಿಕೆಗಳು ಮೊದಲು ಕೆಂಪಾಗಿ, ಬರಬರುತ್ತ ಕಪ್ಪಾಗಿ ದಡ್ಡುಗಟ್ಟಿದುವು. ತುರಿಕೆಯಿಂದ ಅವನಿಗೆ ರಾತ್ರಿ ನಿದ್ದೆಯಿರಲಿಲ್ಲ. ‘ಕುಷ್ಠವಿರಬಹುದು’ ಎಂದು ಯಾರೋ ಪಿಸುಗುಟ್ಟಿದರು. ಅವನು ಅಧ್ಯಾಪಕರ ಕೊಠಡಿಗೆ ತಂದಿಡುತ್ತಿದ್ದ ನೀರಿನ ಹೂಜಿ ಮುಟ್ಟುವವರಿಲ್ಲದೆ ಸಂಜೆಯವರೆಗೂ ತುಂಬಿಯೇ ಇರುತ್ತಿತ್ತು. ಮುಟ್ಟದವರಲ್ಲಿ ನಾನೂ ಒಬ್ಬ.

ಹೆಚ್ಚಿನ ನಾಚಿಕೆಯ ಸಂಗತಿಯೆಂದರೆ, ಅರ್ಥಸಂಕೋಚಕ್ಕೆ ಉದಾಹರಣೆಯಾಗಿ ಇದೇ ‘ಕುಷ್ಠ’ ಶಬ್ದವನ್ನು ನಾನು ತರಗತಿಯಲ್ಲಿ ವಿವರಿಸುತ್ತಿದ್ದೆ. ಚರಕಸಂಹಿತೆಯಲ್ಲಿ ಅದು ಚರ್ಮವ್ಯಾಧಿಗಳಿಗೆಲ್ಲ ಸಲ್ಲುವ ವಿಶಾಲವಾದ ಹೆಸರು. ಅಲ್ಲಿ ಕುಷ್ಠದಲ್ಲಿ 18 ಬಗೆ; ಇಂದಿನ ಇಸುಬನ್ನು ಹೋಲುವ ವಿಚರ್ಚಿಕೆ 11 ಕ್ಷುದ್ರಕುಷ್ಠಗಳಲ್ಲಿ ಒಂದು. ಮುಂದೆ ಶಬ್ದದ ಅರ್ಥ ಒಂದೇ ರೋಗಕ್ಕೆ ಕುಗ್ಗಿತು. ಅದಕ್ಕೆ ಅಂಟಿದ ಭಯ ಮಾತ್ರ ಕುಗ್ಗಲಿಲ್ಲ. ನಿಜವಾದ ಕುಷ್ಠವನ್ನೂ ಪೂರ್ಣವಾಗಿ ಗುಣಪಡಿಸುವ ಔಷಧಗಳು ಇಂದು ಇವೆ. ಆ ರೋಗಿಯನ್ನು ದೂರವಿಡುವುದಕ್ಕೂ ಕಾರಣವಿಲ್ಲ. ಇಸುಬಾದರೋ ಒಬ್ಬರಿಂದ ಒಬ್ಬರಿಗೆ ಹರಡುವ ರೋಗವೇ ಅಲ್ಲ.

ಕೊನೆಗೆ ಅವನನ್ನು ಚರ್ಮವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಅವರು ಮೊದಲು ಕೇಳಿದ್ದು ರೋಗದ ವಿಚಾರವನ್ನಲ್ಲ, ಕೆಲಸದ ವಿಚಾರವನ್ನು: ‘ನೀನು ದುಡಿಯುವ ಕಡೆ ಕಾಂಗ್ರೆಸ್ ಗಿಡ ಇದೆಯೇನಪ್ಪ?’ ಇಲ್ಲದೆ ಏನು! ಪ್ರತಿ ಮಳೆಗಾಲವೂ ಕಾಲೇಜಿನ ಬಯಲಿನಲ್ಲಿ ಅದನ್ನು ಬರಿಗೈಯಿಂದ ಕೀಳುತ್ತಿದ್ದವನು ಅವನೇ. ರಾಷ್ಟ್ರೀಯ ಸೇವಾ ಯೋಜನೆಯ ಹುಡುಗರನ್ನು ಅವನ ಜೊತೆಗೆ ಸಾಲಾಗಿ ನಿಲ್ಲಿಸಿ ಕೀಳಿಸುತ್ತಿದ್ದವನು ನಾನು.

ಪಾರ್ಥೇನಿಯಂ ಎಂಬುದು ಈ ಗಿಡದ ಶಾಸ್ತ್ರೀಯ ನಾಮ. ಅಮೆರಿಕಾ ಖಂಡದ ಈ ಕಳೆ 1950ರ ದಶಕದ ನಡುಭಾಗದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು, ಅಲ್ಲಿಂದೀಚೆಗೆ ನಾಡಿನ ಹೊಲ, ರಸ್ತೆ, ಖಾಲಿ ನಿವೇಶನಗಳನ್ನೆಲ್ಲ ಆಕ್ರಮಿಸಿತು. ಇದರಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಕೆಲವರ ಮೈಗೆ ಒಗ್ಗದು. ಆ ಒಗ್ಗದಿಕೆ ಮೊದಲ ದಿನವೇ ಕಾಣಿಸುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಒಡನಾಡಿದ ಮೇಲೆ ದೇಹ ಒಂದು ದಿನ ಹಗೆ ಸಾಧಿಸುತ್ತದೆ. ಗಿಡದ ಒಣಗಿದ ಹುಡಿ ಗಾಳಿಯಲ್ಲಿ ತೇಲಿ ಬರುವುದರಿಂದ, ಮುಟ್ಟಿದ ಕೈಗಿಂತ ತೆರೆದ ಮುಖಕ್ಕೇ ಪೆಟ್ಟು ಹೆಚ್ಚು. ಬಿಸಿಲಿನ ಕಾಟವಾದರೆ ರೆಪ್ಪೆ, ಗಲ್ಲದ ಅಡಿ, ಕಿವಿಯ ಹಿಂಬದಿಗಳು ಸಾಮಾನ್ಯವಾಗಿ ಪಾರಾಗುತ್ತವೆ. ಗಾಳಿಯ ಹುಡಿಗೆ ಆ ಮರೆಯೂ ಇಲ್ಲ. ನಮ್ಮವನ ಬೆನ್ನಿಗೆ ಪರೀಕ್ಷೆಯ ಪಟ್ಟಿಯನ್ನು ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡಿದಾಗ ಸಂದೇಹ ಪರಿಹಾರವಾಯಿತು.

ಅಷ್ಟರಲ್ಲಿ ಅವನು ಔಷಧದಂಗಡಿಯವನು ಕೊಟ್ಟ ಮುಲಾಮನ್ನು ಹಲವು ತಿಂಗಳು ಬಳಿದಿದ್ದ. ಹಚ್ಚಿದರೆ ಶಮನ, ಬಿಟ್ಟರೆ ಇಮ್ಮಡಿ ಉರಿ. ಇದು ಅವನೊಬ್ಬನ ಕಥೆಯಲ್ಲ. ಮುಖದ ಚರ್ಮದ ತೊಂದರೆಯಿಂದ ದೇಶದ ಹಲವು ಚಿಕಿತ್ಸಾಲಯಗಳಿಗೆ ಬಂದ 2926 ಮಂದಿಯನ್ನು ವೈದ್ಯರು ವಿಚಾರಿಸಿದಾಗ 433 ಮಂದಿ ಸ್ಟೀರಾಯ್ಡ್ ಮುಲಾಮನ್ನು ಬಳಸುತ್ತಿದ್ದುದು ತಿಳಿಯಿತೆಂದು 2011ರ ವರದಿಯೊಂದು ಹೇಳುತ್ತದೆ. ಸ್ಟೀರಾಯ್ಡ್ ವಿಷವೇನಲ್ಲ, ವೈದ್ಯರು ಹೇಳಿದಷ್ಟು ದಿನ, ಹೇಳಿದಷ್ಟು ಸೌಮ್ಯವಾದದ್ದನ್ನು ಹಚ್ಚಿದರೆ ಅದು ಒಳ್ಳೆಯ ಔಷಧ. ಆದರೆ ಮುಖದ ಚರ್ಮ ತೆಳುವಾದದ್ದು. ತಿಂಗಳುಗಟ್ಟಲೆ ಬಳಿದರೆ ಅದು ಮತ್ತಷ್ಟು ತೆಳುವಾಗಿ, ರಕ್ತನಾಳಗಳು ಎದ್ದು ಕಾಣುತ್ತವೆ. ಅಂತಹ ಹಲವು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ನಿಯಮ ಬಂದಿತು. ನಿಯಮ ಕಾಗದದಲ್ಲಿದ್ದರೆ ಸಾಲದು. ಕೊಳ್ಳುವವನ ತಿಳಿವಳಿಕೆಯಲ್ಲಿಯೂ ಇರಬೇಕು.

ವೈದ್ಯರು ಹೇಳಿದ ಪಥ್ಯ ಸರಳವಾದದ್ದೇ. ಹೊರಗಿನಿಂದ ಬಂದೊಡನೆ ಮುಖ ತೊಳೆದು ಬಟ್ಟೆ ಬದಲಿಸುವುದು, ಕಟುವಾದ ಸಾಬೂನನ್ನು ಬಿಡುವುದು, ಚರ್ಮ ಒಣಗದಂತೆ ಪರಿಮಳವಿಲ್ಲದ ಲೇಪವನ್ನು ಹಚ್ಚುವುದು, ಉಗುರುಗಳನ್ನು ಕತ್ತರಿಸಿಕೊಳ್ಳುವುದು. ಸೇವಂತಿಗೆಯೂ ಅದೇ ಕುಲದ್ದಾದುದರಿಂದ, ಅದೂ ಕೆಲವರಿಗೆ ಒಗ್ಗದೆಂದು ಎಚ್ಚರಿಸಿದರು. ಸ್ಟೀರಾಯ್ಡ್ ಅಲ್ಲದ ಲೇಪಗಳೂ, ರೋಗ ಉಲ್ಬಣಿಸಿದರೆ ನುಂಗುವ ಮಾತ್ರೆಗಳೂ ಉಂಟಂತೆ. ಆದರೆ ಎಲ್ಲಕ್ಕಿಂತ ಮೊದಲನೆಯದು ಗಿಡದಿಂದ ದೂರವಿರುವುದು.

ನನ್ನ ಮಾತು ಇರುವುದು ಇಲ್ಲಿಯೇ. ಗಿಡ ಕಿತ್ತೇ ಹೊಟ್ಟೆ ಹೊರೆಯುವವನಿಗೆ ‘ಗಿಡದಿಂದ ದೂರವಿರು’ ಎಂದರೆ ಏನರ್ಥ? ಈ ಪಥ್ಯವನ್ನು ರೋಗಿಯೊಬ್ಬನೇ ಮಾಡಲಾರ. ಅವನನ್ನು ದುಡಿಸಿಕೊಳ್ಳುವವರು ಮಾಡಬೇಕು. ಗಿಡ ಹೂಬಿಡುವ ಮುನ್ನ, ನೆಲ ತೇವವಾಗಿರುವಾಗ ಕೀಳಿಸಬೇಕು. ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಉದುರಿಸುತ್ತದೆ. ಕೀಳುವವರಿಗೆ ಕೈಚೀಲ, ಮುಖವಸ್ತ್ರಗಳನ್ನು ಕೊಡಬೇಕು. ಒಮ್ಮೆ ಇಸುಬು ಕಾಣಿಸಿಕೊಂಡವರಿಗೆ ಕೂಲಿ ಕಡಿಮೆ ಮಾಡದೆ ಬೇರೆ ಕೆಲಸ ಕೊಡಬೇಕು. ಎಲೆ ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದುಂಟು; ಗಿಡವನ್ನು ಹತ್ತಿಕ್ಕುವ ತಗಚೆಯ ಜಾತಿಯ ಸಸ್ಯಗಳನ್ನು ಬಿತ್ತಿದ್ದೂ ಉಂಟು. ಅವೆಲ್ಲ ನೆರವಾಗಬಹುದು. ಆದರೂ ಕಾಲೇಜು, ಪಂಚಾಯಿತಿ, ನಿವೇಶನದ ಮಾಲೀಕರು ತಮ್ಮ ತಮ್ಮ ನೆಲದ ಹೊಣೆಯನ್ನು ಹೊರದೆ ಇದು ತೀರುವ ಕೆಲಸವಲ್ಲ.

ನಮ್ಮ ತೋಟದವನು ಈಗ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಾನೆ. ಮುಖದ ಕಪ್ಪು ಬಹುಮಟ್ಟಿಗೆ ತಿಳಿಯಾಗಿದೆ. ಮಳೆಗಾಲದಲ್ಲಿ ಮಾತ್ರ ರೆಪ್ಪೆ ಒಮ್ಮೊಮ್ಮೆ ಕೆಂಪಾಗುವುದುಂಟು. ಈಚೆಗೆ ಅವನ ಕೈಯಿಂದ ನೀರು ಕೇಳಿ ಕುಡಿದೆ. ಅವನು ಏನೂ ಹೇಳಲಿಲ್ಲ. ಲೋಟವನ್ನು ತೊಳೆದು, ತುಂಬಿ ಕೊಟ್ಟ. ಬಯಲಿನಲ್ಲಿ ಈ ವರ್ಷದ ಗಿಡ ಆಗಲೇ ಮೊಣಕಾಲೆತ್ತರ ಬೆಳೆದಿದೆ. ಕೈಚೀಲಗಳಿಗಾಗಿ ಅರ್ಜಿ ಬರೆದುಕೊಟ್ಟಿದ್ದೇನೆ. ಅವು ಬರುವವರೆಗೆ ಹುಡುಗರನ್ನು ಬಯಲಿಗೆ ಇಳಿಸುವುದಿಲ್ಲ.