ವಿಜಯಾ ಬ್ಯಾಂಕ್ ವಿಲೀನ: ಲೆಕ್ಕಕ್ಕೆ ಬಂದವರು, ಬಾರದವರು

2019ರ ಎಪ್ರಿಲ್ 1ರಂದು ವಿಜಯಾ ಬ್ಯಾಂಕ್ ಹಾಗೂ ದೇನಾ ಬ್ಯಾಂಕ್‌ಗಳು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನಗೊಂಡವು. ಬ್ಯಾಂಕ್ ದೊಡ್ಡದಾದರೆ ಸಾಲ ಕೊಡುವ ಶಕ್ತಿ ಹೆಚ್ಚುತ್ತದೆ, ಖರ್ಚು ಇಳಿಯುತ್ತದೆ ಎಂಬುದು ಸರಕಾರದ ವಾದ. ಷೇರುದಾರರ ಲೆಕ್ಕವೂ ನಡೆಯಿತು: ವಿಜಯಾದ 1000 ಷೇರಿಗೆ ಬರೋಡಾದ 402, ದೇನಾದ 1000ಕ್ಕೆ 110. ನೌಕರರ ಸಂಬಳ, ಸೇವಾ ಷರತ್ತುಗಳಿಗೆ ರಕ್ಷಣೆಯ ಭರವಸೆ ದೊರೆಯಿತು. ಆದರೂ ಬ್ಯಾಂಕ್ ನೌಕರರ ಸಂಘಟನೆಗಳು 2018ರ ಡಿಸೆಂಬರ್ 26ರಂದು ಮುಷ್ಕರ ಹೂಡಿದವು. ಲಾಭದಲ್ಲಿದ್ದ ಬ್ಯಾಂಕನ್ನು ರಿಸರ್ವ್ ಬ್ಯಾಂಕಿನ ನಿರ್ಬಂಧಕ್ಕೊಳಗಾದ ಬ್ಯಾಂಕಿನ ಜತೆ ಕಟ್ಟುವುದೇಕೆ ಎಂಬ ಪ್ರಶ್ನೆ ನಮಗೂ ನ್ಯಾಯವೆನಿಸಿತ್ತು. ಹಾಗೆಂದು ಬಡವಾದ ಬ್ಯಾಂಕನ್ನು ಯಾರಾದರೂ ಹೊರಲೇಬೇಕಿತ್ತು ಎನ್ನುವುದೂ ಸುಳ್ಳಲ್ಲ.

ಲೆಕ್ಕಕ್ಕೆ ಬಾರದೆ ಉಳಿದವನು ಗ್ರಾಹಕ. 1931ರಲ್ಲಿ ಎ.ಬಿ. ಶೆಟ್ಟಿಯವರು ಮಂಗಳೂರಿನಲ್ಲಿ ಈ ಬ್ಯಾಂಕನ್ನು ಕಟ್ಟಿದ್ದೇ ಜಿಲ್ಲೆಯ ಕೃಷಿಕರಿಗೆ ಉಳಿತಾಯದ ಅಭ್ಯಾಸ ಬೆಳೆಸಲು. 1980ರ ರಾಷ್ಟ್ರೀಕರಣದಿಂದ ಒಡೆತನ ದೆಹಲಿಗೆ ಹೋಯಿತು. ನಂಬಿಕೆ ಊರಲ್ಲೇ ಉಳಿಯಿತು. ಕೃಷಿ ಸಾಲ ಪಡೆದವನಿಗೆ ಷೇರಿಲ್ಲ, ಸಂಘವೂ ಇಲ್ಲ. ಅವನ ಠೇವಣಿ ಸುರಕ್ಷಿತವಾಗಿಯೇ ಇತ್ತು, ನಿಜ. ಆದರೆ ಮುಖಪರಿಚಯದ ಮೇಲೆ ನಡೆಯುತ್ತಿದ್ದ ವ್ಯವಹಾರಕ್ಕೆ ಅನುಪಾತ ನಿಗದಿಪಡಿಸಿದವರಿಲ್ಲ. ಮರುವರ್ಷ ಸಿಂಡಿಕೇಟ್ ಬ್ಯಾಂಕ್ ಕೆನರಾವನ್ನೂ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕನ್ನೂ ಸೇರಿದಾಗಲೂ ಅವನ ಕೈಗೆ ಬಂದದ್ದು ಹೊಸ ಐಎಫ್‌ಎಸ್‌ಸಿ ಸಂಖ್ಯೆ, ಹೊಸ ಚೆಕ್ ಪುಸ್ತಕ.