ಬೇಲಿಯೊಳಗಿನ ಲೆಕ್ಕ, ಬೇಲಿಯಾಚೆಯ ಹೊಗೆ

ಕಳೆದ ಸುಗ್ಗಿಯಲ್ಲಿ ಲಿಂಗಸುಗೂರಿಗೆ ಹೋಗಿದ್ದಾಗ ತೊಗರಿ ಹೊಲದ ಬದುವಿನ ಮೇಲೆ ಅದೇ ಊರಿನ ತರುಣನೊಬ್ಬ ಭೇಟಿಯಾದ. ಓದಿದ್ದು ಕೆಮಿಕಲ್ ಇಂಜಿನಿಯರಿಂಗ್. ಎಂಟು ವರ್ಷಗಳಿಂದ ತೈಲೋದ್ಯಮದ ‘ಅಲ್ಪ ಇಂಗಾಲ’ ಯೋಜನೆಗಳಲ್ಲಿ ನೌಕರಿ. “ಎಣ್ಣಿ ಕಂಪನ್ಯಾಗ ಇದ್ದೀನಿ ಖರೆ, ಆದ್ರ ನಂದು ಹೊಗಿ ಕಡಿಮಿ ಮಾಡಾ ಕೆಲ್ಸರಿ ಸರ್” ಎಂದ. ಅವನ ಪ್ರಾಮಾಣಿಕತೆಯಲ್ಲಿ ನನಗೆ ಸಂಶಯವಿಲ್ಲ. ಸಂಶಯವಿರುವುದು ಅವನ ಕೈಗಿತ್ತ ಅಳತೆಗೋಲಿನಲ್ಲಿ.

ನಮ್ಮ ಘಟ್ಟದ ಕೆಳಗಿನ ಎಂ.ಆರ್.ಪಿ.ಎಲ್. ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸಬಲ್ಲದು. ಅದರ ಮಾತೃಸಂಸ್ಥೆ ಓ.ಎನ್.ಜಿ.ಸಿ. 2038ಕ್ಕೆ, ಇಂಡಿಯನ್ ಆಯಿಲ್ 2046ಕ್ಕೆ ‘ನಿವ್ವಳ ಶೂನ್ಯ’ ತಲಪುವುದಾಗಿ ಘೋಷಿಸಿವೆ. ಆದರೆ ಈ ಶೂನ್ಯವು ಕಾರ್ಖಾನೆಯ ಬೇಲಿಯೊಳಗಿನ ಹೊಗೆಗೂ ಕೊಂಡ ವಿದ್ಯುತ್ತಿಗೂ ಮಾತ್ರ ಸೀಮಿತ. ಮಾರಿದ ಡೀಸೆಲ್ ಲಾರಿಯಲ್ಲಿ ಉರಿದರೆ ಆ ಹೊಗೆ ಅವರ ಲೆಕ್ಕದ್ದಲ್ಲ! ಒಂದು ಟನ್ ತೈಲ ಉರಿದರೆ ಹುಟ್ಟುವುದು ಸುಮಾರು 3 ಟನ್ ಇಂಗಾಲದ ಡೈಆಕ್ಸೈಡ್. 2003ರಿಂದ ಮಂಗಳೂರು–ಹಾಸನ–ಬೆಂಗಳೂರು ಕೊಳವೆಯೊಳಗೆ ನಮ್ಮ ಘಟ್ಟವನ್ನೇರಿ ಹೋಗುತ್ತಿರುವುದು ಲೆಕ್ಕಕ್ಕೆ ಸಿಗದ ಈ ಹೊಗೆಯೇ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ 2023ರ ವರದಿಯಂತೆ, ಜಗತ್ತಿನ ತೈಲ–ಅನಿಲ ಉದ್ಯಮವು 2022ರಲ್ಲಿ ಶುದ್ಧ ಇಂಧನಕ್ಕೆ ಕೊಟ್ಟದ್ದು ತನ್ನ ಬಂಡವಾಳ ವೆಚ್ಚದ ಶೇ. 2.5 ಮಾತ್ರ.

ಹಾಗಾದರೆ ಈ ಇಂಜಿನಿಯರರ ಶ್ರಮ ವ್ಯರ್ಥವೇ? ಅಲ್ಲ. ಮಿಥೇನ್ ಸೋರಿಕೆ ತಡೆಯುವುದು ನಿಜವಾದ ಉಪಕಾರ. ಆದರೆ ಅವರ ಕಣ್ಣು ಈಗ ಹೊಲದ ಮೇಲೂ ಬಿದ್ದಿದೆ. ನೆರೆಯ ಸಿಂಧನೂರಿನ ಭತ್ತದ ಗದ್ದೆಗಳನ್ನು ತೋರಿಸಿ ತರುಣ ಹೇಳಿದ್ದೂ ಹುಲ್ಲಿನಿಂದ ಎಥನಾಲ್ ತೆಗೆಯುವ ಮಾತನ್ನೇ. ಪಾಣಿಪತ್ತಿನಲ್ಲಿ 2022ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ ಇಂಡಿಯನ್ ಆಯಿಲ್ ಘಟಕದ ಗುರಿ, ವರ್ಷಕ್ಕೆ 2 ಲಕ್ಷ ಟನ್ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥನಾಲ್.

ಮಣ್ಣಿನ ವಿದ್ಯಾರ್ಥಿಯಾಗಿ ನನ್ನ ಲೆಕ್ಕ ಬೇರೆ. ಒಂದು ಟನ್ ಭತ್ತದ ಹುಲ್ಲಿನಲ್ಲಿ 14ರಿಂದ 20 ಕಿಲೋ ಪೊಟ್ಯಾಷ್, 5ರಿಂದ 8 ಕಿಲೋ ಸಾರಜನಕ ಇರುತ್ತದೆ. ಎಂದರೆ 2 ಲಕ್ಷ ಟನ್ ಹುಲ್ಲಿನೊಡನೆ ಗದ್ದೆ ಬಿಡುವ ಪೊಟ್ಯಾಷ್ 2,800ರಿಂದ 4,000 ಟನ್! ಈ ಗೊಬ್ಬರಕ್ಕಾಗಿ ನಾವು ಹೊರದೇಶಗಳತ್ತ ಕೈಚಾಚುವವರು. ಹುಲ್ಲು ಸುಡುವುದನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಸುಟ್ಟರೂ ಪೊಟ್ಯಾಷ್ ಬಹುಮಟ್ಟಿಗೆ ಬೂದಿಯಲ್ಲಿ ಉಳಿಯುತ್ತದೆ, ಲಾರಿಯೇರಿದರೆ ಅದೂ ಇಲ್ಲ. ಬರ ಬಂದಾಗ ಲಿಂಗಸುಗೂರಿನಂಥ ಒಣಬೇಸಾಯದ ಸೀಮೆಯ ದನಗಳಿಗೆ ಮೇವೆಲ್ಲಿಂದ? ಬೆಟ್ಟದ ದರಕು ಹೊರಹೋದರೆ ತೋಟ ಬಡವಾಗುವುದನ್ನು ಕಂಡ ಮಲೆನಾಡಿಗರಿಗೆ ಇದನ್ನು ವಿವರಿಸಬೇಕಿಲ್ಲ.

ಬೇರೆ ದಾರಿ ಇತ್ತು, ಇದೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಕೇಂದ್ರವನ್ನು ಕಟ್ಟಿದ ಅಮೂಲ್ಯ ರೆಡ್ಡಿ ಹಳ್ಳಿಯ ಅಗತ್ಯದಿಂದಲೇ ಅಳತೆ ಆರಂಭಿಸಿದರು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಜನ ಸಗಣಿ ಕೊಟ್ಟರು. ಅನಿಲದಿಂದ ಬೆಳಕೂ ಕುಡಿಯುವ ನೀರೂ ಬಂದವು, ಸಗಣಿಯ ಬಗ್ಗಡ ಗೊಬ್ಬರವಾಗಿ ಕೊಟ್ಟವರಿಗೇ ಮರಳಿತು. ಮರಳಿಸುವುದೇ ಆ ಯೋಜನೆಯ ತಿರುಳು.

ವಿದ್ಯಾರ್ಥಿಗಳೇ, ಇಂಥ ನೌಕರಿಗೆ ಹೋಗಬೇಡಿರೆಂದು ನಾನು ಹೇಳಲಾರೆ. ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿ: ಮಾರಿದ ತೈಲದ ಹೊಗೆ ಯಾರ ಲೆಕ್ಕದಲ್ಲಿದೆ? ನಿಮ್ಮ ಯೋಜನೆಯಿಂದ ಒಟ್ಟು ತೈಲದ ಮಾರಾಟ ತಗ್ಗುವುದೇ? ಹೊಲದಿಂದ ಒಯ್ದುದರಲ್ಲಿ ಎಷ್ಟು ಹೊಲಕ್ಕೆ ಮರಳುವುದು? ಗ್ರಾಮಸ್ಥರೇ, ನಾಳೆ ಹುಲ್ಲನ್ನೋ ದರಕನ್ನೋ ಕೇಳಿ ಬರುವವರಿಗೆ ಗ್ರಾಮಸಭೆಯಲ್ಲಿ ನಾವೂ ಒಂದೇ ಮಾತು ಕೇಳೋಣ: ಬೂದಿ ತರುವ ಲಾರಿ ಎಂದು ಬರುತ್ತದೆ? ಉತ್ತರ ಕರಾರುಪತ್ರದಲ್ಲಿ ಬರೆದು ಬರಲಿ.